ಅಮ್ಮನ ‘ಇಲ್ಲ’

ನಮ್ಮ ಸಮೀಕ್ಷೆಯ ಮೊದಲನೇ ಪ್ರಶ್ನೆಗೇ ನಾನು ಹೊರಗೆ ಬೀಳುತ್ತಿದ್ದೆ.

‘ನಿಮ್ಮ ಮನೆಯಲ್ಲಿ ಯಾರಾದರೂ ಶೌಚಾಲಯ ತೊಳೆಯುವ ಕೆಲಸ ಮಾಡುತ್ತಾರೆಯೇ?’ ಹೌದು ಅಂದವರಿಗೆ ಧನ್ಯವಾದ ಹೇಳಿ, ಕೈಗೊಂದು ಸೋಪು ಕೊಟ್ಟು ಕಳುಹಿಸಿಬಿಡಬೇಕು. ಅವರು ನಮಗೆ ಬೇಡ. ಇಲ್ಲ ಅಂದವರನ್ನು ಮಾತ್ರ ಒಳಗೆ ಕೂರಿಸಬೇಕು. ಈ ಪ್ರಶ್ನೆಯನ್ನು ನಾನು ಎಷ್ಟು ಜನರ ಮುಂದೆ ಓದಿದ್ದೇನೋ. ಓದಿದಾಗಲೆಲ್ಲ ಒಳಗೊಳಗೇ ಹೌದು ಅಂದಿದ್ದೇನೆ. ಸೋಪು ತೆಗೆದುಕೊಂಡು ಎದ್ದು ಹೋಗಿಲ್ಲ, ಅಷ್ಟೇ.

ನನ್ನ ಕೆಲಸದ ಹೆಸರು ಉದ್ದ. ಪಿಎಚ್.ಡಿ. ಪೂರ್ವ ಸಂಶೋಧನಾ ಫೆಲೋ. ಎಂ.ಎ. ಮುಗಿದಿರುತ್ತದೆ, ಪಿಎಚ್.ಡಿ. ಸಿಕ್ಕಿರುವುದಿಲ್ಲ. ನಡುವಿನ ಎರಡು ವರ್ಷ ಅರ್ಥಶಾಸ್ತ್ರದ ಒಬ್ಬ ಪ್ರೊಫೆಸರ ಕೈಕೆಳಗೆ ದುಡಿಯಬೇಕು. ಅವರ ಪ್ರಶ್ನೆಪಟ್ಟಿ ತಿದ್ದಬೇಕು. ಊರೂರು ಅಲೆದು ಉತ್ತರ ತರಬೇಕು. ತಂದದ್ದನ್ನು ಕಂಪ್ಯೂಟರಿನಲ್ಲಿ ಸೋಸಬೇಕು. ಕೊನೆಗೆ ಅವರು ಒಂದು ಶಿಫಾರಸು ಪತ್ರ ಬರೆಯುತ್ತಾರೆ. ಪತ್ರ ಚೆನ್ನಾಗಿದ್ದರೆ ದೊಡ್ಡ ವಿಶ್ವವಿದ್ಯಾಲಯದ ಬಾಗಿಲು ತೆರೆಯುತ್ತದೆ. ಸಂಬಳ ನೆಪ. ನಾವೆಲ್ಲ ಬೆನ್ನು ಬಗ್ಗಿಸುವುದು ಆ ಪತ್ರಕ್ಕೆ.

ಅಮ್ಮನಿಗೆ ಇದನ್ನು ವಿವರಿಸಲು ಹೋಗಿ ಸೋತಿದ್ದೆ. “ದಿನವಿಡೀ ಡೇಟಾ ಕ್ಲೀನ್ ಮಾಡ್ತೀನಿ ಅಮ್ಮ” ಅಂದೆ.

“ಅಷ್ಟು ಓದಿ ನೀನೂ ಕ್ಲೀನಿಂಗೇನಾ? ಮೊದ್ಲೇ ಹೇಳಿದ್ರೆ ಫೀಸ್ ಇಲ್ದೆ ನಾನೇ ಕಲಿಸ್ತಿದ್ದೆನಲ್ಲೇ” ಎಂದು ಕೆಮ್ಮುವಷ್ಟು ನಕ್ಕಳು.

ಅವಳ ಕೆಮ್ಮು ಆಸಿಡ್ಡಿನದು. ಅಮ್ಮ ಕಂತ್ರಾಟುದಾರನ ಕಡೆಯಿಂದ ಕಟ್ಟಡಗಳ ಕಕ್ಕಸು ತೊಳೆಯುತ್ತಾಳೆ. ಅವನು ಕಳಿಸಿದ ಕಟ್ಟಡಕ್ಕೆ ಹೋಗುತ್ತಾಳೆ. ನಾನು ಹುಟ್ಟುವ ಮೊದಲಿನಿಂದ ಅದೇ. ಅವಳ ಬೆರಳಿನ ಸಂದಿಯಲ್ಲಿ ಚರ್ಮ ಬೆಳ್ಳಗೆ ಸುಲಿದಿರುತ್ತದೆ. ಖಾರ ಮುಟ್ಟಿದರೆ ಮುಖ ಕಿವುಚುತ್ತಾಳೆ. ನನ್ನ ಸ್ನೇಹಿತೆಯರ ಅಮ್ಮಂದಿರು ಹತ್ತಿರ ಬಂದರೆ ಸೋಪಿನ ವಾಸನೆ, ಪೌಡರಿನ ವಾಸನೆ. ನನ್ನ ಅಮ್ಮ ಫಿನಾಯಿಲ್. ಚಿಕ್ಕವಳಿದ್ದಾಗ ಬಸ್ಸಿನಲ್ಲಿ ಯಾರೋ ಫಿನಾಯಿಲ್ ಡಬ್ಬ ಹಿಡಿದು ನಿಂತಿದ್ದರು. ಅಮ್ಮ ಬಂದಳೆಂದು ತಿರುಗಿ ನೋಡಿದ್ದೆ.

ಪ್ರೊಫೆಸರಿಗೆ ಒಂದು ಪ್ರಶ್ನೆಯಿತ್ತು. ಬಡವರು ಮರ್ಯಾದೆಗಾಗಿ ಎಷ್ಟು ಕೂಲಿ ಬಿಟ್ಟುಕೊಡುತ್ತಾರೆ? ಊರಾಚೆ ಒಂದು ಹಳೆಯ ಕಟ್ಟಡ ಬಾಡಿಗೆಗೆ ಹಿಡಿದರು. ಅಲ್ಲಿ ನಾಲ್ಕು ಕಕ್ಕಸು. ಬೆಳಿಗ್ಗೆ ವೃತ್ತದಲ್ಲಿ ಕೆಲಸಕ್ಕೆ ಕಾದು ನಿಲ್ಲುವ ಮೂಟೆ ಹೊರುವವರು, ಗಾರೆಯವರು, ಅಲ್ಲೇ ಕೂತು ತರಕಾರಿ ಮಾರುವವರು, ಇಂಥವರನ್ನು ಕರೆದು ತಂದು ಕೂರಿಸುವುದು. ಒಂದು ಗಂಟೆ ಇದನ್ನು ತೊಳೆದರೆ ಒಂದು ದಿನದ ಕೂಲಿ ಕೊಡುತ್ತೇವೆ, ತೊಳೆಯುತ್ತೀರಾ? ಎರಡು ದಿನದ್ದು ಕೊಟ್ಟರೆ? ವಾರದ್ದು? ಹೀಗೆ ಬೆಲೆ ಏರಿಸುತ್ತ ಹೋಗುವುದು. ಹೌದು ಅಂದವರಿಗೆ ಕೊಡಲು ಕೈಗವಸು, ಬೂಟು, ಮುಖಕ್ಕೆ ಮಾಸ್ಕು. ಅದಿಲ್ಲದೆ ಸಂಶೋಧನೆಗೆ ಅನುಮತಿ ಕೊಡುವ ನೀತಿ ಸಮಿತಿ ಒಪ್ಪುತ್ತಿರಲಿಲ್ಲ.

ಬಹಳ ಜನ ಕೊನೆಯ ಬೆಲೆಗೂ ಒಪ್ಪುತ್ತಿರಲಿಲ್ಲ. ಮನೆಯಲ್ಲಿ ಒಲೆ ಉರಿಯದವರೂ ಒಪ್ಪುತ್ತಿರಲಿಲ್ಲ. ಒಬ್ಬ ಮೂಟೆಯವನು ನನ್ನ ಮುಖ ನೋಡಿ, “ನಮ್ಮನ್ನ ಏನಂತ ತಿಳ್ಕೊಂಡಿದೀಯಮ್ಮ?” ಎಂದು ಸೋಪನ್ನೂ ಬಿಟ್ಟು ಹೋದ. ನಾನು ಟ್ಯಾಬಿನಲ್ಲಿ ‘ಇಲ್ಲ’ ಒತ್ತಿದೆ. ಪ್ರೊಫೆಸರು ಖುಷಿಯಾಗಿದ್ದರು. ಮರ್ಯಾದೆಯ ಬೆಲೆ ಇಷ್ಟು ದೊಡ್ಡದಿರುತ್ತದೆಂದು ಅವರೂ ಎಣಿಸಿರಲಿಲ್ಲವಂತೆ.

ಒಂದು ತೊಡಕಿತ್ತು. ಎಲ್ಲರಿಗೂ ಒಂದೇ ಪ್ರಮಾಣದ ಗಲೀಜು ತೋರಿಸಬೇಕು. ಒಬ್ಬನಿಗೆ ಹೆಚ್ಚು, ಒಬ್ಬನಿಗೆ ಕಡಿಮೆ ಇದ್ದರೆ ಬೆಲೆ ಹೋಲಿಸಲಾಗುವುದಿಲ್ಲ. ಅದಕ್ಕೊಂದು ಫೋಟೋ ಇತ್ತು. ಫೀಲ್ಡ್ ಮ್ಯಾನೇಜರು ದಿನಾ ಬೆಳಿಗ್ಗೆ ಮೂಗಿಗೆ ಕರ್ಚೀಫು ಹಿಡಿದು, ಫೋಟೋಗೂ ಕಕ್ಕಸಿಗೂ ತಾಳೆ ನೋಡುತ್ತಿದ್ದರು. ಕಡಿಮೆಯಾದರೆ ಕಾವಲುಗಾರನಿಗೆ ಹೇಳಿ ಹೆಚ್ಚು ಮಾಡಿಸುತ್ತಿದ್ದರು. ಸಂದರ್ಶನಗಳು ಮುಗಿಯುವ ತನಕ ನೀರು ಹಾಕುವಂತಿಲ್ಲ. ಸಂಜೆಯ ಹೊತ್ತಿಗೆ ಎಲ್ಲ ಒಣಗಿ ಅಂಟಿಕೊಂಡಿರುತ್ತಿತ್ತು. ಆಮೇಲೆ ಒಬ್ಬಳು ಬಂದು ತೊಳೆಯುತ್ತಿದ್ದಳು. ನಾಳೆ ಬೆಳಿಗ್ಗೆ ಮತ್ತೆ ಫೋಟೋದ ಹಾಗೆ ಆಗಬೇಕಾದರೆ ಇವತ್ತು ತೊಳೆದಿರಬೇಕಲ್ಲ.

ಆ ಒಬ್ಬಳು ಯಾರೆಂದು ನನಗೆ ಗೊತ್ತಿರಲಿಲ್ಲ. ನಾನು ಮೊದಲು ಮುಖ್ಯ ಕಚೇರಿಯಲ್ಲಿದ್ದೆ. ಸಂದರ್ಶಕಿ ಒಬ್ಬಳು ಬಿಟ್ಟುಹೋದಳೆಂದು ನನ್ನನ್ನು ಈ ಕಟ್ಟಡಕ್ಕೆ ಹಾಕಿದರು. ಮೊದಲ ಸಂಜೆ ಕೆಲಸ ಮುಗಿಸಿ ಓಣಿಯಂಥ ದಾರಿಯಲ್ಲಿ ಹೊರಗೆ ಬರುತ್ತಿದ್ದೆ. ಎದುರಿಗೆ ನೀಲಿ ಮೇಲಂಗಿ, ಬಕೆಟ್ಟು, ಬ್ರಷ್ಷು. ಕೈಗೆ ಪ್ಲಾಸ್ಟಿಕ್ ಕವರು ಕಟ್ಟಿಕೊಂಡಿದ್ದಳು. ಅಮ್ಮ.

ನನ್ನ ಬಾಯಿ ತೆರೆಯಿತು. ಅವಳು ತಲೆ ತಗ್ಗಿಸಿ ಗೋಡೆಗೆ ಒತ್ತಿ ನಿಂತಳು.

“ನೋಡ್ಕೊಂಡು ನಡೀರಿ ಮೇಡಂ. ನೆಲ ಒದ್ದೆ ಇದೆ, ಜಾರೀತು.”

ನನ್ನ ಹಿಂದೆ ಪ್ರೊಫೆಸರು ಬರುತ್ತಿದ್ದರು. ನಾನು ನೋಡಿಕೊಂಡು ನಡೆದೆ.

ಮನೆಯಲ್ಲಿ ಅವಳೇ ಮಾತೆತ್ತಿದಳು. “ಅಲ್ಲಿ ನಾನು ನಿಂಗೆ ಯಾರೂ ಅಲ್ಲ. ತಿಳೀತಾ? ಗೊತ್ತಾದ್ರೆ ನಿನ್ನ ನೋಡೋ ಕಣ್ಣೇ ಬೇರೆ ಆಗುತ್ತೆ. ಆ ಕಾಗದ ಒಂದು ಕೈಗೆ ಬರ್ಲಿ, ಆಮೇಲೆ ನೀನುಂಟು ನಿನ್ನ ಲೋಕ ಉಂಟು.”

“ಗ್ಲೌಸ್ ಪೆಟ್ಟಿಗೆ ತುಂಬಾ ಇದೆಯಲ್ಲಮ್ಮ. ನೀನ್ಯಾಕೆ ಕವರು ಕಟ್ಕೊಂಡಿದ್ದೆ?”

“ಅದು ಬಂದೋರಿಗಂತೆ. ಕೇಳಿದ್ದೆ. ನಿಂಗಲ್ಲ ಅಂದ್ರು ಮ್ಯಾನೇಜರು.”

ಅವಳು ಹೇಳಿದ ಹಾಗೇ ಮಾಡಿದೆ. ಹೇಳಿದ್ದನ್ನು ಮಾಡುವುದು ನನಗೆ ಕಷ್ಟವಲ್ಲ. ನಾನು ಹೆಚ್ಚು ಮಾತಾಡುವವಳಲ್ಲ. ಬಾಯಿ ಬಿಡಬೇಕು ಅನ್ನುವಷ್ಟರಲ್ಲಿ ಮಾತು ಬೇರೆಯವರ ಕೈಗೆ ಹೋಗಿರುತ್ತದೆ. ಉಳಿದದ್ದನ್ನು ಡೈರಿಯಲ್ಲಿ ಬರೆದುಕೊಂಡು ಮಲಗುತ್ತೇನೆ. ಪ್ರೊಫೆಸರಿಗೆ ಇದು ಮೆಚ್ಚುಗೆಯಾಗಿತ್ತು. ಪ್ರಶ್ನೆಪಟ್ಟಿಯಲ್ಲಿ ಇರುವುದನ್ನು ಸಂದರ್ಶಕರು ಅಕ್ಷರ ಬಿಡದೆ ಓದಬೇಕು. ತಲೆ ಆಡಿಸಬಾರದು, ನಗಬಾರದು, ಕಣ್ಣಲ್ಲೂ ಸುಳಿವು ಕೊಡಬಾರದು. “ನೀವು ಗೋಡೆ ಥರ ಕೂರ್ತೀರಿ, ಅದೇ ಸರಿ” ಎಂದು ಎಲ್ಲರ ಮುಂದೆ ಹೊಗಳಿದ್ದರು. ನನ್ನ ಜೊತೆಯ ಫೆಲೋ, ನಾವು ಕನ್ನಡಕ ಅಂತ ಕರೆಯುತ್ತಿದ್ದ ಹುಡುಗ, ಅವತ್ತಿನಿಂದ “ಗೋಡೆ, ಟೀ ಕುಡಿಯಕ್ಕೆ ಬರ್ತೀಯಾ?” ಅನ್ನತೊಡಗಿದ. ಕೆಟ್ಟವನಲ್ಲ. ಅವನಿಗೂ ಒಂದು ಪತ್ರ ಬೇಕಿತ್ತು.

ಹಣ ಕೊಡುವ ಸಂಸ್ಥೆಯ ಅತಿಥಿ ಬಂದ ದಿನ ಎಲ್ಲ ಬದಲಾಯಿತು.

ಆಕೆಗೆ ಒಂದು ಸಂದರ್ಶನವನ್ನು ಕಣ್ಣಾರೆ ನೋಡಬೇಕಿತ್ತು. ಬರಬೇಕಾಗಿದ್ದ ತರಕಾರಿ ಮಾರುವವಳು ಬರಲಿಲ್ಲ. ವೃತ್ತ ಖಾಲಿ. ಅತಿಥಿ ಕೈಗಡಿಯಾರ ನೋಡಿಕೊಳ್ಳುತ್ತಿದ್ದರು. ಮ್ಯಾನೇಜರ ಅಂಗಿಯ ಬೆನ್ನು ಬೆವರಿನಿಂದ ಒದ್ದೆಯಾಗಿತ್ತು. ಅವರು ಹಿಂದಿನ ಬಾಗಿಲಿಂದ ಓಡಿದರು. ಟ್ಯಾಬ್ ಹಿಡಿದು ನಾನೂ ಹಿಂದೆ ಹೋದೆ. ಅಂಗಳದಲ್ಲಿ ಅಮ್ಮ ಬ್ರಷ್ಷು ತೊಳೆಯುತ್ತ ಕೂತಿದ್ದಳು. ಅತಿಥಿ ಬರುತ್ತಾರೆಂದು ಅವತ್ತು ಅಂಗಳ ಗುಡಿಸಲು ಬೆಳಿಗ್ಗೆಯೇ ಕರೆಸಿದ್ದರು.

“ಏಯ್, ಆ ನೀಲಿ ಅಂಗಿ ತೆಗಿ. ಕೈ ತೊಳ್ಕೊ. ಒಳಗೆ ಬಾ” ಅಂದರು ಮ್ಯಾನೇಜರು. “ನೀನು ತರಕಾರಿ ಮಾರೋಳು. ಈ ಮೇಡಂ ಒಂದಷ್ಟು ಕೇಳ್ತಾರೆ. ಮೊದಮೊದ್ಲು ಇಲ್ಲ ಇಲ್ಲ ಅನ್ನು. ಕೊನೇ ಬೆಲೆಗೆ ಹೂಂ ಅನ್ನು. ಆಮೇಲೆ ಗ್ಲೌಸ್ ಹಾಕ್ಕೊಂಡು ಒಂದು ಕಕ್ಕಸು ತೊಳೆದು ತೋರ್ಸು, ಅವರು ನೋಡ್ಬೇಕು. ಏನೂ ಕಷ್ಟ ಇಲ್ಲ. ಹೇಗೂ ಸಂಜೆ ತೊಳೀತೀಯಲ್ಲ.”

ಅಮ್ಮ ನನ್ನ ಕಡೆ ನೋಡಲಿಲ್ಲ. “ಗ್ಲೌಸ್ ಹಾಕ್ಕೋಬೋದಾ ಸರ್?” ಅಂತಷ್ಟೇ ಕೇಳಿದಳು.

“ಹಾಕ್ಕೊಳಮ್ಮ, ಹಾಕ್ಕೊ. ಇವತ್ತೊಂದಿನ ನೀನೇ ರಾಣಿ.”

ಅಮ್ಮ ನನ್ನ ಎದುರಿನ ಕುರ್ಚಿಯ ತುದಿಯಲ್ಲಿ ಕೂತಳು. ನಡುವೆ ಮೇಜು. ಮೇಜಿನ ಮೇಲೆ ಕೈಗವಸು, ಮಾಸ್ಕು, ಒಂದು ಸೋಪು. ಪಕ್ಕದಲ್ಲಿ ಪ್ರೊಫೆಸರು, ಅತಿಥಿ. ಬಾಗಿಲಲ್ಲಿ ಮ್ಯಾನೇಜರು. ಟ್ಯಾಬಿನಲ್ಲಿ ಅಭ್ಯಾಸಕ್ಕೆಂದು ಬೇರೆ ಗುಂಡಿ ಇದೆ. ಅದನ್ನು ಒತ್ತಿ ಶುರು ಮಾಡಿದರೆ ಉತ್ತರಗಳು ಲೆಕ್ಕಕ್ಕೆ ಸೇರುವುದಿಲ್ಲ. ಗಡಿಬಿಡಿಯಲ್ಲಿ ಅದನ್ನು ಎಲ್ಲರೂ ಮರೆಯುತ್ತಾರೆ. ನಾನೂ ಮರೆತೆ.

ಮೊದಲನೇ ಪ್ರಶ್ನೆ ಓದಿದೆ. ‘ನಿಮ್ಮ ಮನೆಯಲ್ಲಿ ಯಾರಾದರೂ ಶೌಚಾಲಯ ತೊಳೆಯುವ ಕೆಲಸ ಮಾಡುತ್ತಾರೆಯೇ?’

ಅಮ್ಮ ಮೇಜಿನ ಮೇಲಿದ್ದ ಸೋಪನ್ನು ನೋಡುತ್ತ ಕೂತಳು.

“ಇಲ್ಲ ಅಂತಾರೆ, ಬರ್ಕೊಳಿ” ಅಂದರು ಮ್ಯಾನೇಜರು ಬಾಗಿಲಿಂದ. ಬರೆದುಕೊಂಡೆ.

ಆಮೇಲೆ ಅರ್ಥ ಆಗಿದೆಯೋ ಇಲ್ಲವೋ ಎಂದು ನೋಡುವ ಪ್ರಶ್ನೆಗಳು. ಬೆಲೆಗೆ ಇಲ್ಲ ಅಂದರೆ ಕೆಲಸ ಮಾಡಬೇಕೋ ಬೇಡವೋ? ಹೌದು ಅಂದಮೇಲೆ ಮನಸ್ಸು ಬದಲಿಸಬಹುದೋ? ಅಮ್ಮ ಎಲ್ಲಕ್ಕೂ ಸರಿಯಾಗಿ ಉತ್ತರಿಸಿದಳು. ಓದು ಬಲ್ಲ ಗಾರೆಯವರೂ ಇಲ್ಲಿ ಎಡವುತ್ತಿದ್ದರು.

ಆಮೇಲೆ, ಬೆಲೆ ಹೇಳುವ ಮುಂಚೆ ಓದಬೇಕಾದ ಸಾಲುಗಳು ಬಂದವು. ಬರೆದಿದ್ದ ಹಾಗೆಯೇ ಓದಿದೆ. ‘ನಾನು ಕೆಲವು ಬೆಲೆಗಳನ್ನು ಹೇಳುತ್ತೇನೆ. ಪ್ರತಿ ಬೆಲೆಗೂ ನೀವು ಹೌದು ಅಥವಾ ಇಲ್ಲ ಎನ್ನಬಹುದು. ಇಲ್ಲ ಎನ್ನುವ ಹಕ್ಕು ನಿಮಗೆ ಪೂರ್ತಿಯಾಗಿ ಇದೆ. ಇಲ್ಲ ಎಂದರೆ ನಿಮಗೆ ಯಾವ ತೊಂದರೆಯೂ ಆಗುವುದಿಲ್ಲ.’

ಅಮ್ಮ ಮೊದಲ ಸಲ ತಲೆ ಎತ್ತಿದಳು.

“ಅದನ್ನ ಇನ್ನೊಂದ್ಸಲ ಓದ್ತೀರಾ ಮೇಡಂ?”

ಕೇಳಿದರೆ ಮತ್ತೆ ಓದಬೇಕು, ಅದೇ ಪದಗಳಲ್ಲಿ. ನಿಯಮ. ಓದಿದೆ.

“ಕೊನೇದು ಮಾತ್ರ. ಇನ್ನೊಂದ್ಸಲ.”

‘ಇಲ್ಲ ಎಂದರೆ ನಿಮಗೆ ಯಾವ ತೊಂದರೆಯೂ ಆಗುವುದಿಲ್ಲ.’

ಅವಳು ಕುರ್ಚಿಯಲ್ಲಿ ಹಿಂದಕ್ಕೆ ಸರಿದು ಬೆನ್ನು ಆನಿಸಿ ಕೂತಳು.

ಒಂದು ದಿನದ ಕೂಲಿ ಕೊಟ್ಟರೆ?

“ಇಲ್ಲ.” ಮೆಲ್ಲಗೆ ಅಂದಳು, ಬಿಸಿ ಇದೆಯೇನೋ ಎಂದು ತುಟಿಗೆ ತಾಗಿಸಿ ನೋಡುವ ಹಾಗೆ.

ಎರಡು ದಿನದ್ದು?

“ಇಲ್ಲ.”

ವಾರದ್ದು?

“ಇಲ್ಲ.” ಈ ಸಲ ತುಟಿಯ ಅಂಚಿನಲ್ಲಿ ಏನೋ ಆಡಿತು. ನಾನು ಅವಳ ಮಗಳು, ನನಗೆ ಕಾಣಿಸಿತು. ನಾನು ಶಾಲೆಯಲ್ಲಿ ಬಹುಮಾನ ತಂದ ದಿನ ಅವಳು ಹಾಗೆ ನಗು ಅದುಮಿಟ್ಟುಕೊಂಡಿದ್ದಳು, ಯಾರ ಕಣ್ಣೂ ಬೀಳದಿರಲಿ ಎಂದು.

ಕೊನೆಯ ಬೆಲೆ. ಒಂದು ಗಂಟೆಗೆ ಇಡೀ ತಿಂಗಳ ಕೂಲಿ. ನಾನು ಓದಿದೆ. ಮ್ಯಾನೇಜರು ಕೆಮ್ಮಿದರು. ಅಮ್ಮ ಕೈಗವಸನ್ನು ಎತ್ತಿಕೊಂಡಳು. ಬೆರಳೊಂದನ್ನು ಒಳಗೆ ಹಾಕಿ ನೋಡಿದಳು. ಮೆತ್ತಗಿತ್ತೇನೋ. ಮತ್ತೆ ಇದ್ದಲ್ಲೇ ಇಟ್ಟಳು.

“ಇಲ್ಲ.”

ಇನ್ನೊಂದು ಪ್ರಶ್ನೆ ಉಳಿದಿತ್ತು. ಎಲ್ಲಕ್ಕೂ ಇಲ್ಲ ಅಂದವರಿಗೆ ಮಾತ್ರ ಕೇಳುವುದು. ‘ಯಾಕೆ ಇಲ್ಲ ಅಂದಿರಿ?’ ಅವರ ಮಾತನ್ನು ಇದ್ದಂತೆಯೇ ಬರೆದುಕೊಳ್ಳಬೇಕು.

ಅಮ್ಮ ಸ್ವಲ್ಪ ಯೋಚಿಸಿದಳು. “ಕೇಳಿದ್ರಿ, ಅದಕ್ಕೆ” ಅಂದಳು.

ಇದ್ದಂತೆಯೇ ಬರೆದುಕೊಂಡೆ.

ಅತಿಥಿಗೆ ಕಣ್ಣು ತುಂಬಿತ್ತು. “ಎಂಥ ಸ್ವಾಭಿಮಾನ ನೋಡಿ ಈಕೆಗೆ” ಎಂದು ಪ್ರೊಫೆಸರಿಗೆ ಹೇಳಿ, ಎದ್ದು ಬಂದು ಅಮ್ಮನ ಕೈ ಹಿಡಿದು ಕುಲುಕಿದರು. ಆ ಸುಲಿದ ಕೈಯನ್ನು. ಅಮ್ಮ ಸೋಪು ತೆಗೆದುಕೊಂಡು ಮುಂಬಾಗಿಲಿಂದ ಹೊರಗೆ ಹೋದಳು. ಆ ಬಾಗಿಲಿಂದ ಅವಳು ಒಂದು ದಿನವೂ ಓಡಾಡಿದ್ದಿಲ್ಲ.

ಕಿಟಕಿಯಿಂದ ನೋಡಿದೆ. ಗೇಟಿನ ಬಳಿ ಮ್ಯಾನೇಜರು ಅವಳನ್ನು ತಡೆದಿದ್ದರು.

“ಏನು ಆಟ ಆಡ್ತಿದೀಯ? ಹೇಳ್ಕೊಟ್ಟಿದ್ದೇನು, ನೀನು ಒದರಿದ್ದೇನು? ನಡಿ, ಅಂಗಿ ಹಾಕ್ಕೊ. ಅವರು ಹೋದ ಕೂಡ್ಲೆ ನಾಲ್ಕೂ ತೊಳಿ.”

“ಈಗ ತಾನೇ ಇಲ್ಲ ಅಂದೆನಲ್ಲ ಸರ್.”

“ಏನು?”

“ಇಲ್ಲ ಅಂದೆ. ಮೇಡಂ ಬರ್ಕೊಂಡಿದಾರೆ.”

ಮ್ಯಾನೇಜರು ದನಿ ಏರಿಸುವಂತಿರಲಿಲ್ಲ. ಅತಿಥಿಯ ಕಾರು ಅಲ್ಲೇ ನಿಂತಿತ್ತು. ಅಮ್ಮ ಸೋಪು ಹಿಡಿದುಕೊಂಡು ರಸ್ತೆಗಿಳಿದಳು. ಬಕೆಟ್ಟು, ಬ್ರಷ್ಷು, ನೀಲಿ ಅಂಗಿ ಅಂಗಳದಲ್ಲೇ ಬಿದ್ದಿದ್ದವು.

ನಾನು ಮನೆಗೆ ಬಂದಾಗ ಅವಳು ಮಂಚದ ಮೇಲೆ ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅಷ್ಟು ಬೆಳಕಿರುವಾಗ ಅವಳು ಮನೆಯಲ್ಲಿ ಕೂತದ್ದನ್ನು ನಾನು ಕಂಡಿರಲಿಲ್ಲ. ಎಲ್ಲಿ ಕೂರಬೇಕೆಂದು ಗೊತ್ತಿಲ್ಲದ ನೆಂಟರ ಹಾಗಿದ್ದಳು. ಕಂತ್ರಾಟುದಾರ ಆಗಲೇ ಫೋನ್ ಮಾಡಿದ್ದ. ನಾಳೆಯಿಂದ ಬರುವುದು ಬೇಡ.

“ಯಾಕಮ್ಮ ಹಾಗ್ ಮಾಡ್ದೆ?”

“ಏನೋಪ್ಪ. ನೀನು ಓದ್ತಿದ್ದೆ. ಎಷ್ಟು ಚೆನ್ನಾಗಿ ಓದ್ತೀಯ. ಸ್ಪಷ್ಟವಾಗಿ, ಒಂದೊಂದೇ ಪದ.” ಅವಳು ಕೈ ನೋಡಿಕೊಂಡಳು. “ನಂಬಿಬಿಟ್ಟೆ ಕಣೇ.”

ಮಾರನೇ ದಿನ ಪ್ರೊಫೆಸರು ಕರೆದರು. ಒಳ್ಳೆಯ ಮಾತಿನವರು. ಯಾರ ಮೇಲೂ ರೇಗಿದವರಲ್ಲ. ಎದುರಿಗೆ ಕನ್ನಡಕ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದ.

“ನಿನ್ನೆಯ ಸಂದರ್ಶನ ನಿಜವಾದ ಲೆಕ್ಕಕ್ಕೆ ಸೇರಿಬಿಟ್ಟಿದೆ. ಅಭ್ಯಾಸದ ಗುಂಡಿ ಒತ್ತಿಲ್ಲ ನೀವು. ಪರವಾಗಿಲ್ಲ, ಆಗುತ್ತೆ. ಆ ಸಾಲು ತೆಗೆದುಹಾಕಿ.”

ನಮ್ಮಲ್ಲಿ ಯಾರನ್ನಾದರೂ ಲೆಕ್ಕದಿಂದ ತೆಗೆದರೆ ಕಾರಣ ಬರೆಯಬೇಕು. ಕಾರಣವಿಲ್ಲದೆ ಒಂದು ಸಾಲೂ ಹೋಗುವಂತಿಲ್ಲ. ಅದು ಅವರೇ ಕಲಿಸಿದ ಶಿಸ್ತು.

“ಕಾರಣ ಏನು ಬರೀಲಿ ಸರ್? ಕಕ್ಕಸು ತೊಳೆಯೋಳು ಅಂತ ಬರೀಲಾ?”

ಅವರು ಪೆನ್ನಿನ ಮುಚ್ಚಳ ತಿರುಗಿಸಿದರು. “ಅತಿಥಿಗೆ ತರಕಾರಿ ಮಾರೋಳು ಅಂತ ಹೇಳಿಯಾಗಿದೆ. ಮ್ಯಾನೇಜರು ಮಾಡಿದ್ದು ತಪ್ಪು, ಒಪ್ತೀನಿ. ಆದರೆ ಈಗ ಅದನ್ನ ಕೆದಕೋದು ಬೇಡ. ಪ್ರಶ್ನೆ ಅರ್ಥ ಆಗಿಲ್ಲ ಅಂತ ಬರೀರಿ.”

“ಅರ್ಥ ಆಗಿತ್ತು ಸರ್. ಎಲ್ಲ ಸರಿಯಾಗಿ ಹೇಳಿದ್ರು.”

ನಾನು ಎದುರು ಮಾತಾಡಿದ್ದು ಅದೇ ಮೊದಲು. ಕನ್ನಡಕ ತಲೆ ಎತ್ತಿದ.

“ಸರಿ ಹಾಗಾದ್ರೆ. ಮರುಪರಿಶೀಲನೆ ಮಾಡಿಸೋಣ” ಅಂದರು ಪ್ರೊಫೆಸರು.

ಮರುಪರಿಶೀಲನೆ ಎಂದರೆ, ಉತ್ತರ ಕೊಟ್ಟವರನ್ನು ಮತ್ತೆ ಕರೆದು, ನೀವು ಹೇಳಿದ್ದು ಇದೇ ತಾನೇ ಎಂದು ಕೇಳುವುದು. ಅದೂ ನಮ್ಮ ಶಿಸ್ತಿನಲ್ಲಿದೆ. ಮ್ಯಾನೇಜರು ಕಂತ್ರಾಟುದಾರನಿಗೆ ಫೋನ್ ಮಾಡಿದರು. ಕಂತ್ರಾಟುದಾರ ಅಮ್ಮನಿಗೆ ಫೋನ್ ಮಾಡಿದ. ಅರ್ಥ ಆಗಿರಲಿಲ್ಲ ಅಂತ ಒಂದು ಮಾತು ಅಂದುಬಿಟ್ಟರೆ ಕೆಲಸ ವಾಪಸ್.

ಅಮ್ಮ ಅದನ್ನು ನನಗೆ ಹೇಳಲೇ ಇಲ್ಲ. ಆ ಸಂಜೆ ನಾನು ಗೋಡೆಯ ಕಡೆ ಮುಖ ಮಾಡಿ ಕೂತದ್ದನ್ನು ನೋಡಿ, “ಕಾಗದಕ್ಕೆ ಏನಾದ್ರೂ ತೊಂದರೆ ಆಯ್ತಾ?” ಎಂದಷ್ಟೇ ಕೇಳಿದಳು. ಇಲ್ಲ ಅಂದೆ. ಅವಳು ನಂಬಲಿಲ್ಲ. ನನ್ನ ‘ಇಲ್ಲ’ ಅವಳಿಗೆ ಗೊತ್ತಿಲ್ಲವೇ.

ಮರುದಿನ ಬೆಳಿಗ್ಗೆ ಪ್ರೊಫೆಸರ ಕೋಣೆಯ ಬಾಗಿಲಲ್ಲಿ ಅವಳು ನಿಂತಿದ್ದಳು. ಕುರ್ಚಿ ಖಾಲಿಯಿತ್ತು. ಕೂರು ಎಂದು ಯಾರೂ ಅನ್ನಲಿಲ್ಲ. ಮರುಪರಿಶೀಲನೆಯನ್ನು ಸಂದರ್ಶಕರೇ ಮಾಡುವಂತಿಲ್ಲ. ಹಾಗಾಗಿ ಕನ್ನಡಕ ಕೇಳಿದ.

“ಮೊನ್ನೆ ನಿಮಗೆ ಓದಿದ ಪ್ರಶ್ನೆಗಳು ಅರ್ಥ ಆಗಿದ್ವಾ?”

“ಇಲ್ಲ ಸರ್” ಅಂದಳು ಅಮ್ಮ. “ನಂಗೆ ಏನೂ ಅರ್ಥ ಆಗ್ಲಿಲ್ಲ. ನಾನು ಓದಿದೋಳಲ್ಲ. ಬಾಯಿಗೆ ಬಂದಿದ್ದು ಹೇಳ್ದೆ. ಆ ಮೇಡಂದು ಏನೂ ತಪ್ಪಿಲ್ಲ. ಅವರು ಚೆನ್ನಾಗೇ ಓದಿದ್ರು. ನನ್ನ ತಲೆಗೇ ಹೋಗ್ಲಿಲ್ಲ.”

ಮೊನ್ನೆ ಅದೇ ಬೆನ್ನು ಕುರ್ಚಿಗೆ ಆನಿ ಕೂತಿತ್ತು. ಈಗ ಅರ್ಧಕ್ಕೆ ಬಾಗಿತ್ತು. ಹೇಳಿ ಮುಗಿಸಿ ನನ್ನ ಕಡೆ ನೋಡಿದಳು, ಒಂದೇ ಕ್ಷಣ. ಸಾಕಾ, ಅನ್ನುವ ಹಾಗೆ.

ನಾನು ಒಂದು ಹೆಜ್ಜೆ ಮುಂದೆ ಬಂದೆ.

“ಸುಳ್ಳು. ಅವರಿಗೆ ಅರ್ಥ ಆಗಿತ್ತು” ಅಂದೆ.

“ಮೇಡಂ, ನೀವು ಸುಮ್ನಿರಿ” ಅಂದಳು ಅಮ್ಮ.

“ಇವರು ನನ್ನ ಅಮ್ಮ.”

ಅಮ್ಮನ ಹಿಂದೆ ಬಂದಿದ್ದ ಮ್ಯಾನೇಜರು ಬಾಯಿ ತೆರೆದು ನಿಂತರು. ಕನ್ನಡಕ ನನ್ನ ಕೈ ನೋಡಿದ, ಆಮೇಲೆ ಅಮ್ಮನ ಕೈ ನೋಡಿದ. ಅಮ್ಮ ಕಣ್ಣು ಮುಚ್ಚಿಕೊಂಡಳು.

“ಇವರಿಗೆ ಪ್ರತಿ ಪದ ಅರ್ಥ ಆಗಿತ್ತು ಸರ್. ಇಲ್ಲ ಅಂದ್ರೆ ತೊಂದರೆ ಆಗಲ್ಲ ಅಂತ ನಾನು ಓದಿದೆ. ಮೂರು ಸಲ ಓದಿದೆ. ನೀವು ಬರೆದಿದ್ದನ್ನೇ ಓದಿದೆ. ಅದೇ ದಿನ ಕೆಲಸದಿಂದ ತೆಗೆದ್ರು. ಇಲ್ಲಿಗೆ ಬಂದು ಇಲ್ಲ ಅಂದೋರೆಲ್ಲ ಸೋಪು ತಗೊಂಡು ಮನೆಗೆ ಹೋದ್ರು. ಅವರು ತೊಳೆಯದೆ ಬಿಟ್ಟಿದ್ದನ್ನ ದಿನಾ ಸಂಜೆ ಇವರು ತೊಳೆದ್ರು. ಗ್ಲೌಸ್ ಇಲ್ದೆ. ಇವರನ್ನ ಯಾರೂ ಯಾವತ್ತೂ ಕೇಳಿರ್ಲಿಲ್ಲ. ಒಂದೇ ಒಂದ್ಸಲ ಕೇಳಿದ್ವಿ. ಅದಕ್ಕೆ ಇಲ್ಲ ಅಂದ್ರು. ಅದೊಂದು ಇರ್ಲಿ ಸರ್.”

ಅಷ್ಟು ಉದ್ದ ನಾನು ಯಾರೊಂದಿಗೂ ಮಾತಾಡಿದವಳಲ್ಲ.

ಪ್ರೊಫೆಸರು ಪೆನ್ನು ಕೆಳಗಿಟ್ಟರು. ಅವರ ಮುಖದಲ್ಲಿ ಮರುಕವಿತ್ತು. ಅದು ಸುಳ್ಳು ಮರುಕವಲ್ಲ. ಆಮೇಲೆ ಕುರ್ಚಿಯಲ್ಲಿ ಸರಿದು ಕೂತು ಮೃದುವಾಗಿ ಹೇಳಿದರು.

“ನೀವು ಇದನ್ನ ಮೊದಲೇ ಹೇಳಬೇಕಿತ್ತು. ಸಂದರ್ಶಕಿ ಮತ್ತೆ ಉತ್ತರ ಕೊಟ್ಟವರು ಸಂಬಂಧಿಕರು. ಹಾಗಿದ್ರೆ ಆ ಸಾಲು ಉಳಿಯೋಕೆ ಸಾಧ್ಯವೇ ಇಲ್ಲ. ಇದು ಸರಿಯಾದ ಕಾರಣ. ಅರ್ಥ ಆಗಿಲ್ಲ ಅಂತ ಸುಳ್ಳು ಬರೆಯೋ ಅಗತ್ಯವೂ ಇಲ್ಲ ಈಗ. ಹಾಗೇ ಬರೀರಿ.”

ಅವರು ಹೇಳಿದ್ದು ನಿಯಮದ ಪ್ರಕಾರ ಸರಿ. ಒಂದಕ್ಷರ ತಪ್ಪಿಲ್ಲ. ನಾನೇ ಆ ನಿಯಮವನ್ನು ಹೊಸಬರಿಗೆ ಪಾಠ ಮಾಡಿದ್ದೆ. ಅಮ್ಮ ಅಂದೆ. ಅಂದದ್ದಕ್ಕೆ ಅವಳ ಮಾತು ಹೋಯಿತು. ಅವಳನ್ನು ಅವರು ಯಾರೋ ಅಂದುಕೊಂಡೇ ಇದ್ದಿದ್ದರೆ ಸುಳ್ಳಿನ ಮೇಲಾದರೂ ಜಗಳ ಆಡಬಹುದಿತ್ತು. ಈಗ ನಿಜವೇ ಅವಳನ್ನು ಅಳಿಸಲು ಸಾಕಾಗಿತ್ತು.

ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದರು. “ಫೈಲು ನಿಮ್ಮದು. ನೀವೇ ಮಾಡಿ.”

ಪರದೆಯ ಮೇಲೆ ಸಾಲು ತೆರೆದಿತ್ತು. ಇಲ್ಲ, ಇಲ್ಲ, ಇಲ್ಲ, ಇಲ್ಲ. ಕೊನೆಯ ಚೌಕದಲ್ಲಿ ‘ಕೇಳಿದ್ರಿ, ಅದಕ್ಕೆ’.

“ಇಲ್ಲ” ಅಂದೆ.

“ಏನಂದ್ರಿ?”

“ನಾನು ಅಳಿಸಲ್ಲ ಸರ್.”

“ಯೋಚನೆ ಮಾಡಿ. ಮುಂದಿನ ತಿಂಗಳು ನಿಮ್ಮ ಪತ್ರ ಬರೀಬೇಕು ನಾನು. ಇಲ್ಲ ಅಂದ್ರೆ ಏನಾಗುತ್ತೆ ಅಂತ ನಿಮಗೆ ಗೊತ್ತಲ್ಲ.”

ಗೊತ್ತಿತ್ತು. ನನಗೆ ಯಾರೂ ‘ಇಲ್ಲ ಎಂದರೆ ಯಾವ ತೊಂದರೆಯೂ ಆಗುವುದಿಲ್ಲ’ ಎಂದು ಓದಲಿಲ್ಲ. ಕೊರಳಲ್ಲಿದ್ದ ಗುರುತಿನ ಚೀಟಿ ತೆಗೆದು ಮೇಜಿನ ಮೇಲಿಟ್ಟೆ. ಅವರು ಲ್ಯಾಪ್‌ಟಾಪನ್ನು ಕನ್ನಡಕನ ಕಡೆ ತಿರುಗಿಸಿದರು. ಅವನು ನನ್ನ ಮುಖ ನೋಡಲಿಲ್ಲ. ಒಂದೇ ಸಾಲು ಟೈಪ್ ಮಾಡಿದ. ಪರದೆಯ ಮೂಲೆಯಲ್ಲಿ ಒಟ್ಟು ಜನರ ಸಂಖ್ಯೆ ಒಂದು ಕಡಿಮೆಯಾಯಿತು. ಸದ್ದು ಏನೂ ಆಗಲಿಲ್ಲ.

“ಸಾರಿ ಗೋಡೆ” ಅಂದ.

ಅಮ್ಮ ಬಸ್ ನಿಲ್ದಾಣಕ್ಕೆ ಹೊರಟಳು. ನನಗಿಂತ ಮುಂದೆ ಮುಂದೆ ನಡೆದಳು. ನಿಲ್ದಾಣದ ಕಲ್ಲು ಬೆಂಚಿನ ಮೇಲೆ ಕೂತು, ನಾನು ಪಕ್ಕದಲ್ಲಿ ಕೂರಲು ಹೋದಾಗ ಸರಿಯಲಿಲ್ಲ. ನಿಂತೇ ಇದ್ದೆ.

“ಯಾಕೆ ಬಾಯಿ ಬಿಟ್ಟೆ?”

“ಅಮ್ಮ, ನೀನು...”

“ಇಷ್ಟು ವರ್ಷ ನಿನ್ನ ಶಾಲೆ ಗೇಟಿಗೆ ಬರ್ಲಿಲ್ಲ ನಾನು. ಬಹುಮಾನ ಕೊಡೋವಾಗ ಬರ್ಲಿಲ್ಲ. ಕಾಲೇಜಿಗೆ ಬರ್ಲಿಲ್ಲ. ಮುಚ್ಚಿ ಮುಚ್ಚಿ ಇಟ್ಟು ಇಲ್ಲೀವರೆಗೂ ತಂದೆ. ಒಂದೇ ಮಾತಲ್ಲಿ ಎಲ್ಲಾ ಚೆಲ್ಲಿಬಿಟ್ಟೆಯಲ್ಲೇ.” ಅವಳು ಅಳುತ್ತಿರಲಿಲ್ಲ. ದನಿ ಒಣಗಿತ್ತು. “ನನ್ನ ಮಾತು ಉಳೀಲಿ ಅಂತ ನಾನು ಕೇಳಿದ್ನಾ? ನನ್ನ ಮಾತು ಇಟ್ಕೊಂಡು ಏನು ಮಾಡ್ಲಿ ನಾನು? ನೀನು ಉಳಿದಿದ್ರೆ ಸಾಕಾಗಿತ್ತು.”

ನಾನು ರಸ್ತೆಯ ಕಡೆ ತಿರುಗಿ ಬಸ್ಸಿಗೆ ಕಾದೆ.

ಬಸ್ಸು ಬಂತು. ಅವಳು ಹತ್ತಿ ಕಿಟಕಿಯ ಪಕ್ಕ ಕೂತಳು. ನಾನು ಬೇರೆ ಸಾಲಿನಲ್ಲಿ ಕೂತೆ. ಹಾಗೆ ಕೂತು ನಮಗೆ ಅಭ್ಯಾಸವಿತ್ತು. ಒಂದು ನಿಲ್ದಾಣ ಕಳೆದಮೇಲೆ ಎದ್ದು ಹೋಗಿ ಅವಳ ಪಕ್ಕ ಕೂತೆ. ಬಸ್ಸಿನ ತುಂಬ ಜನ. ಅವಳು ಸರಿದು ಜಾಗ ಕೊಟ್ಟಳು. ಆದರೆ ಮುಖ ಕಿಟಕಿಯ ಕಡೆಗೇ ಇತ್ತು.

ವಾಪಸ್ ಕೊಡುತ್ತೇನೆಂದ ಕೆಲಸಕ್ಕೆ ಕಂತ್ರಾಟುದಾರ ಅಮ್ಮನನ್ನು ಕರೆಯಲಿಲ್ಲ. ಆಮೇಲಿನ ದಿನಗಳಲ್ಲಿ ಮನೆಯಲ್ಲಿ ಇಬ್ಬರೂ ಇರುತ್ತಿದ್ದೆವು, ಮಾತಿರುತ್ತಿರಲಿಲ್ಲ. ನಾನು ಬೇರೆ ಕೆಲಸಗಳಿಗೆ ಅರ್ಜಿ ಹಾಕುತ್ತಿದ್ದೆ. ಎಲ್ಲರೂ ಹಿಂದಿನ ಪ್ರೊಫೆಸರ ಪತ್ರ ಕೇಳುತ್ತಿದ್ದರು. ಅಮ್ಮ ಮುಟ್ಟಿದ್ದನ್ನೇ ಮತ್ತೆ ಮತ್ತೆ ಒರೆಸುತ್ತಿದ್ದಳು. ಅವಳ ಕೈಯ ಸುಲಿದ ಜಾಗದಲ್ಲಿ ತೆಳ್ಳಗೆ ಹೊಸ ಚರ್ಮ ಬರುತ್ತಿತ್ತು. ಒಂದು ಸಂಜೆ ನನ್ನ ಹಿಂದೆ ಬಂದು ನಿಂತಿದ್ದಳು, ನನಗೆ ತಿಳಿಯಲೇ ಇಲ್ಲ. ಅವಳ ಮೈಯಲ್ಲಿ ಯಾವ ವಾಸನೆಯೂ ಇರಲಿಲ್ಲ. ತಿರುಗಿ ನೋಡಿ ಬೆಚ್ಚಿದೆ.

“ನಾನೇ ಕಣೇ” ಅಂದಳು. ಎಷ್ಟೋ ದಿನಕ್ಕೆ ಆಡಿದ ಮಾತು ಅದು.

ನಿನ್ನೆ ಅವಳು ಬೆಳಿಗ್ಗೆ ಬೇಗ ಎದ್ದು ಎಲ್ಲಿಗೋ ಹೋದಳು. ಕತ್ತಲಾಗುವ ಹೊತ್ತಿಗೆ ಬಂದಳು. ಬಾಗಿಲು ದಾಟುವ ಮೊದಲೇ ಗೊತ್ತಾಯಿತು. ಫಿನಾಯಿಲ್. ದೊಡ್ಡ ಅಂಗಡಿಯೊಂದರಲ್ಲಿ ಕೆಲಸ ಸಿಕ್ಕಿದೆ, ಕಂತ್ರಾಟುದಾರ ಬೇರೆ, ಮೂರು ಮಹಡಿ. ಕೈಕಾಲು ತೊಳೆದು ಬಂದು ನೆಲದ ಮೇಲೆ ಕಾಲು ಚಾಚಿ ಕೂತಳು. ನಾನು ನೀರು ಕೊಟ್ಟೆ. ಒಂದೇ ಉಸಿರಿಗೆ ಕುಡಿದು ಲೋಟ ಕೆಳಗಿಟ್ಟಳು. ಬೆರಳ ಸಂದಿಯಲ್ಲಿ ಹೊಸ ಚರ್ಮ ಆಗಲೇ ಕೆಂಪಗಾಗಿತ್ತು.

“ಅಲ್ಲಿ ಕೇಳಿದ್ರಾ ಅಮ್ಮ?”

“ಏನನ್ನ?”

“ತೊಳೀತೀಯಾ ಅಂತ.”

ಅವಳು ನನ್ನನ್ನೇ ನೋಡಿದಳು. ಅವತ್ತಿನಿಂದ ಮೊದಲ ಸಲ ನಕ್ಕಳು. ನಕ್ಕು ಕೆಮ್ಮಿದಳು.

“ಯಾರೇ ಕೇಳ್ತಾರೆ?” ಅಂದಳು. “ಬಕೆಟ್ ತೋರಿಸಿದ್ರು.”